ಕಶ್ಯಪ ಎಲ್ಲಿದ್ದಾನೆ?

ಸೊನ್ನೆ. ಕಶ್ಯಪ ಮೊಬೈಲಿನ ಪರದೆಯನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ನೋಡಿದ. ಆರು ತಿಂಗಳಲ್ಲಿ ಅವನು ಎಲ್ಲಿದ್ದಾನೆಂದು ಮನೆಯವರು ಕೇಳಿದ್ದು ಸೊನ್ನೆ ಸಲ.

ಐರೋಲಿಯ ಕಂಪನಿಯಲ್ಲಿ ಅವನ ಕೆಲಸ, ಜನ ಇರುವ ಜಾಗ ತಿಳಿದು ನಡೆಯುವ ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿ ರೂಪಿಸುವುದು. ಕೇಳಿದರೆ ಹತ್ತಿರದ ಮೆಡಿಕಲ್ ಅಂಗಡಿ ತೋರಿಸುವುದು ಮೊದಲ ವರ್ಗ. ಕೇಳದಿದ್ದರೂ ಮೊಬೈಲೇ ಬಾಯಿ ಹಾಕುವುದು ಎರಡನೆಯದು. ನಿಮ್ಮನ್ನು ಪ್ರೀತಿಸುವವರು ನೀವೆಲ್ಲಿ ಎಂದು ಹುಡುಕುವುದು ಮೂರನೆಯದು. 'ಪ್ರೀತಿಸುವವರು' ಎಂಬ ಮಾತು ಅವನದೇ. ಬಾಸ್ ಮನೀಷ್ ಅದನ್ನು ಮೆಚ್ಚಿ, ಇಂದು ಹನ್ನೊಂದಕ್ಕೆ ಗ್ರಾಹಕರೆದುರು ಕಶ್ಯಪನ ಮನೆಯವರು ಅವನನ್ನು ಹುಡುಕಿದ ದಾಖಲೆಯನ್ನೇ ತೋರಿಸಬೇಕೆಂದಿದ್ದ.

"ಒಂದು ಸಲ ಒತ್ತು ಮಾರಾಯ್ತಿ," ಎಂದು 'ಎಲ್ಲಿದ್ದಾರೆ?' ಎಂಬ ಗುಂಡಿ ತೋರಿಸಿ ಹೆಂಡತಿ ಸುಗುಣಾಳ ಮುಂದೆ ಅವಳ ಮೊಬೈಲು ಹಿಡಿದ.

ಅವಳು ದೋಸೆ ಮಗುಚಿದಳು. "ನೀವು ಎಲ್ಲಿರ್ತೀರಿ ಅಂತ ನಂಗೆ ಗೊತ್ತುಂಟಲ್ಲ. ಕೇಳ್ಲಿಕ್ಕೆ ಎಂತ ಉಂಟು?"

"ತನ್ವಿ, ನೀನಾದ್ರೂ?"

"ಮೈನೇ ಕಬ್ ಕಾ ಡಿಲೀಟ್ ಕಿಯಾ, ಪಪ್ಪಾ. ಬ್ಯಾಟರಿ ಖಾತಾ ಹೈ," ಎಂದಳು ಮಗಳು, ತಲೆ ಎತ್ತದೆ. ಬ್ಯಾಟರಿ ತಿನ್ನುತ್ತದೆಂದು ಅದನ್ನು ಯಾವತ್ತೋ ಅಳಿಸಿಬಿಟ್ಟಿದ್ದಳು.

ಅವನಿಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಮಾಡಿದ್ದು ಮನೆಯಲ್ಲೇ ಕಸಕ್ಕೆ ಸಮ. ದೋಸೆ ಅರ್ಧಕ್ಕೇ ಬಿಟ್ಟು ಹೊರಟ.

ಅವನ ಮನೆಯಿದ್ದ ಡೊಂಬಿವಲಿಯಲ್ಲಿ ಲೋಕಲ್ ರೈಲಿನಲ್ಲಿ ಸೀಟು ಬೇಕಾದವರು ಉಲ್ಟಾ ಹೋಗಬೇಕು. ಹನ್ನೊಂದು ವರ್ಷಗಳಿಂದ ಅವನು ಆಫೀಸಿನ ದಾರಿಯ ಠಾಣೆ ಕಡೆಯ ಗಾಡಿ ಬಿಟ್ಟು ಕಲ್ಯಾಣದ ಲೋಕಲ್ ಹತ್ತುತ್ತಿದ್ದ. ಅದೇ ಗಾಡಿ ಅಲ್ಲಿಂದ ತಿರುಗುವಾಗ ಕಿಟಕಿಯ ಪಕ್ಕ ಕೂತಿರುತ್ತಿದ್ದ. ಅವನೇ ರೂಪಿಸಿದ ಸೇವೆ ದಿನವೂ 'ತಪ್ಪು ದಿಕ್ಕು' ಎಂದು ಎಚ್ಚರಿಸುತ್ತಿತ್ತು. ರೈಲಿನ ಒಂದು ಇಡೀ ಡಬ್ಬಿಯ ಜನ ಬೇಕೆಂದೇ ತಪ್ಪು ದಿಕ್ಕಿಗೆ ಹೋಗುತ್ತಾರೆಂದು ಮೀಟಿಂಗಿನಲ್ಲಿ ಯಾರನ್ನೂ ನಂಬಿಸಲಾಗಿರಲಿಲ್ಲ.

ಇಂದು ಕಲ್ಯಾಣದಲ್ಲಿ ಗಾಡಿ ತಿರುಗುವ ಮೊದಲು ಅವನು ಇಳಿದುಬಿಟ್ಟ. ಆಫೀಸಿನಿಂದ ಇನ್ನೂ ದೂರಕ್ಕೆ ಹೋಗುವ ಬದಲಾಪುರದ ಲೋಕಲ್ ಹತ್ತಿದ. ಯಾರಾದರೂ ಒಬ್ಬರು ಎಲ್ಲಿದ್ದೀಯೆಂದು ಕೇಳಲಿ, ಅಷ್ಟು ಸಾಕು, ತಕ್ಷಣ ವಾಪಸು ಹೋಗುತ್ತೇನೆ ಎಂದುಕೊಂಡ.

ಬದಲಾಪುರದ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ. ಹನ್ನೊಂದಕ್ಕೆ ಮನೀಷನ ಮೆಸೇಜು ಬಂತು. "ಫೈಲ್ ಮಿಲ್ ಗಯಾ. ಶುರು ಕರ್ತೇ ಹೈಂ. ಟೆನ್ಶನ್ ಮತ್ ಲೇ." ಅವನು ನಿನ್ನೆ ಕಳಿಸಿದ್ದ ಫೈಲು ಸಿಕ್ಕಿದೆ, ಶುರು ಮಾಡುತ್ತೇವೆ, ಚಿಂತೆ ಬೇಡ ಎಂದು. ಅವನ ಖಾಲಿ ಕುರ್ಚಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಹನ್ನೆರಡೂವರೆಗೆ ಸುಗುಣಾಳ ಫೋನು. ಮೊದಲ ರಿಂಗಿಗೇ ಎತ್ತಿದ.

"ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ. ಮರೀಬೇಡಿ."

ಅವನ ತಲೆಯ ಮೇಲೆ ಮೈಕು ಕರ್ಜತ್ ಗಾಡಿ ಬರುತ್ತಿದೆಯೆಂದು ಕಿರುಚುತ್ತಿತ್ತು.

"ನಾನೀಗ ಎಲ್ಲಿದ್ದೇನೆ, ಹೇಳು ನೋಡುವ."

"ಆಫೀಸಲ್ಲಿ. ಮತ್ತೆಲ್ಲಿ? ಎಂತ, ಬಿಪಿ ಮಾತ್ರೆ ತಗೊಳ್ಲಿಲ್ವಾ?"

"ತಗೊಂಡೆ."

"ಸರಿ ಹಾಗಾದ್ರೆ."

ಅಳು ಬರುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಒಂದೂವರೆಗೆ ಮೊಬೈಲು ಮತ್ತೆ ನಡುಗಿತು. ಈ ಸಲ ನಿಜಕ್ಕೂ ಒಂದು ಪ್ರಶ್ನೆ. ಕೇಳಿದ್ದು ಮೊಬೈಲೇ: 'ನೀವು ನಾಲ್ಕು ಗಂಟೆಗಳಿಂದ ಇಲ್ಲೇ ಇದ್ದೀರಿ. ಈ ಜಾಗಕ್ಕೆ ಮನೆ ಎಂದು ಹೆಸರಿಡಲೇ?'

ಕೆಳಗೆ ಎರಡು ಗುಂಡಿಗಳು. 'ಹೌದು', 'ಆಮೇಲೆ'. 'ಬೇಡ' ಎಂಬ ಮೂರನೆಯದಿದ್ದರೆ ಜನ ಗೊಂದಲಕ್ಕೆ ಬೀಳುತ್ತಾರೆಂದು ಅದನ್ನು ಅವನೇ ತೆಗೆಸಿದ್ದ.

ಎದುರಿಗೆ ಗಾಡಿ ಬಂದು ಖಾಲಿಯಾಯಿತು, ಮತ್ತೆ ತುಂಬಿಕೊಂಡು ತಿರುಗಿ ಹೋಯಿತು. ಅವನ ಹೆಬ್ಬೆರಳು ಎರಡು ಗುಂಡಿಗಳ ನಡುವೆ, ಗಾಜಿಗೆ ತಾಗದೆ, ನಿಂತೇ ಇತ್ತು.