ಹಸಿ ಗಾಳಿಯ ನೆಪ

ಪ್ಲಾಸ್ಟಿಕ್ ಕುರ್ಚಿಗೆ ಬೆನ್ನು ತಿಕ್ಕಿ ಎದ್ದು, ತಾನು ದಾದಿ ಎಂದು ಕರೆಯುವ ಅಜ್ಜಿ ಅಕ್ಬರಬಿಯ ಕೈಗೆ ಬೆರಳು ತಾಗಿಸಿ ‘ಚಟ್’ ಎನ್ನಿಸುವುದು ಖಲಂದರನ ಹಳೆಯ ಕಿತಾಪತಿ. "ದೂರ ಸರಿಯೋ ಶೈತಾನಾ!" ಎಂದು ಆಕೆ ಕೈ ಕೊಡವುತ್ತಿದ್ದಳು. ಈಗ ಲಕ್ವಾ ಹೊಡೆದು ಆ ಕೈ ಹಾಸಿಗೆಯ ಮೇಲೆ ಬಿದ್ದಿತ್ತು. ಅದಕ್ಕೆ ಇನ್ನು ಏನೂ ತಿಳಿಯುವುದಿಲ್ಲವೆಂದು ಹಾವೇರಿಯ ಡಾಕ್ಟರು ಹೇಳಿದ್ದನ್ನು ಖಲಂದರ ಒಪ್ಪಿರಲಿಲ್ಲ.

"ದಾದಿ, ಹೀರೋ ಎಂಟ್ರಿ! ಮುಟ್ಟಿದ್ರ ಮಿಂಚು, ತಡದ್ರ ಗುಡುಗು!" ಎಂದು ಕುರ್ಚಿಗೆ ಬೆನ್ನು ತಿಕ್ಕಿ ಎದ್ದು ಮುಟ್ಟಿದ. ಚಟ್ ಎನ್ನಲಿಲ್ಲ. ಕೈಯೂ ಅಲುಗಲಿಲ್ಲ.

ತೊಟ್ಟು ಬಿಡಿಸುವಾಗ ಪುಡಿಯಾಗದಿರಲೆಂದು ನೀರು ಚಿಮುಕಿಸಿದ ಒಣ ಮೆಣಸಿನಕಾಯಿಯ ರಾಶಿ ಕೋಣೆಯಲ್ಲೇ ಇತ್ತು. ಅದರ ಮುಂದೆ ಕೂತಿದ್ದ ಅಕ್ಕ ದಿಲನಾಜ ಅಂದಳು, "ಲೇ ಡೈಲಾಗ್ ಕಿಂಗ್, ಹಸಿ ಗಾಳಿಯಾಗ ಕರೆಂಟ್ ನಿಲ್ಲಂಗಿಲ್ಲ. ಮೈಮ್ಯಾಲಿಂದ ಹಂಗ ಸೋರಿ ಹೋಗತೈತಿ."

"ಹಂಗಾದ್ರ ತಪ್ಪು ದಾದಿ ಕೈದಲ್ಲ, ಗಾಳೀದು!" ಖಲಂದರ ಕುಣಿಯುತ್ತ ರಾಶಿಯನ್ನೆಲ್ಲ ಅಂಗಳಕ್ಕೆ ಹೊತ್ತೊಯ್ದ. ಬಾಗಿಲು ಕಿಟಕಿ ತೆರೆದಿಟ್ಟ. ಮಧ್ಯಾಹ್ನ ಕೋಣೆ ಒಣಗಿದ ಮೇಲೆ ಮತ್ತೆ ಕುರ್ಚಿಗೆ ಬೆನ್ನು ತಿಕ್ಕಿ, ಡೈಲಾಗ್ ಹೊಡೆಯದೆ, ಬೆರಳು ಚಾಚಿದ.

ಚಟ್! ಅಕ್ಕನಿಗೂ ಕೇಳಿಸಿತು. ಖಲಂದರನ ಬೆರಳು ಚುರುಗುಟ್ಟಿತು. ದಾದಿಯ ಕೈ ಮಾತ್ರ ಇಟ್ಟಲ್ಲೇ ಇತ್ತು.

ಅವನು ಕಿಟಕಿ ಮುಚ್ಚಿ ಅಕ್ಕನಿಗೆ ಅಂದ,

"ಆಪಾ, ಆ ಕಾಯಿ ಮತ್ತ ಒಳಗ ತರ್ತೀನಿ. ನೀರು ಜಾಸ್ತಿ ಚಿಮುಕಸು, ಗಾಳಿ ಹಸೀನ ಇರ್ಲಿ."