ಹುಳಕ್ಕೆ ಜ್ವರ ಬಂದ ಮಧ್ಯಾಹ್ನ

ರಬಕವಿಯ ಶಿದ್ರಾಮಪ್ಪ ಜೀವಮಾನವೆಲ್ಲ ರೇಷ್ಮೆ ನೇಯ್ದವನು, ಆದರೆ ರೇಷ್ಮೆ ಹುಳದ ಮುಖವನ್ನೇ ನೋಡಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ಅವನಿಗೇನೂ ಬೇಜಾರಿಲ್ಲ. ಅವನ ಬೇಜಾರೇ ಬೇರೆ. ಮಗ ವೀರಣ್ಣ ಕುಣಿಮಗ್ಗ ಕಿತ್ತು, ಕುಣಿ ಮುಚ್ಚಿ, ಪಾವರ್‌ಲೂಮ್ ಹಾಕಿಸಿದಾಗಿನಿಂದ ಮುದುಕನ ನಿದ್ದೆ ಹಾರಿಹೋಗಿತ್ತು. ಕೈಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದವನು. ಈ ಯಂತ್ರದ ಗದ್ದಲಕ್ಕೆ ರೆಪ್ಪೆ ಕೂಡಲೊಲ್ಲದು. ಹಾಸಿಗೆಯೇ ವೈರಿಯಾಯಿತು.

"ನಾಕ ದಿನ ಇದ್ದು ಹೋಗು ಬಾ ಯಪ್ಪಾ," ಎಂದು ಮಗಳು ಉಜ್ವಲಾ ತುಬಚಿಯ ತನ್ನ ತೋಟಕ್ಕೆ ಕರೆತಂದಳು. ತೋಟವೆಂದರೆ ಹಿಪ್ಪುನೇರಳೆ, ಒಂದು ಹುಳದ ಮನೆ, ಅದರ ಹಿಂದೆ ಮೀನು ಬಿಟ್ಟ ಹೊಂಡ. ಹುಳದ ಹಿಕ್ಕೆ, ಮಿಕ್ಕ ಎಲೆ, ನೂಲು ತೆಗೆಯುವವರಿಂದ ಮರಳಿ ತಂದ ಗೂಡಿನೊಳಗಿನ ಒಣಹುಳ, ಎಲ್ಲವೂ ಆ ಮೀನುಗಳ ಹೊಟ್ಟೆಗೆ. ಮೀನು ಮಾತ್ರ ಮನೆಯವರ ಹೊಟ್ಟೆಗಲ್ಲ, ಶಿವ ಶಿವಾ! ಜಮಖಂಡಿಯ ವ್ಯಾಪಾರಿ ಬಂದು ಒಯ್ಯುತ್ತಾನೆ.

ಮೊದಲ ದಿನ ಹುಳದ ಮನೆಯ ಬಾಗಿಲಲ್ಲಿ ಶಿದ್ರಾಮಪ್ಪ ನಿಂತೇಬಿಟ್ಟ. ಅಟ್ಟಣಿಗೆಗಳ ಮೇಲೆ ಸಾವಿರಾರು ಹುಳ ಎಲೆ ಮೇಯುತ್ತಿದ್ದವು. ಸರಸರ, ಸರಸರ.

"ಯವ್ವಾ, ಆಚಿ ಓಣ್ಯಾಗ ಮಗ್ಗ ನಡದಂಗ ಕೇಳತೈತಲ್ಲ!"

ಅಲ್ಲೇ ಗೋಡೆಗೆ ಒರಗಿದ. ಮಬ್ಬು ಬೆಳಕು, ಎಲೆಯ ತಂಪು ವಾಸನೆ. ಕನಸಿನಲ್ಲಿ ಹುಳಗಳು ಅವನ ಮುಚ್ಚಿಹೋದ ಕುಣಿಯಲ್ಲಿ ಸಾಲಾಗಿ ಕೂತು ಲಾಳಿ ಎಸೆಯುತ್ತಿದ್ದವು. ಸೀರೆಯ ಅಂಚು ಅವನದೇ, ಬಣ್ಣ ಮಾತ್ರ ಇನ್ನೂ ಹುಟ್ಟಿರಲಿಲ್ಲ. ಎಚ್ಚರಾದಾಗ ಸಂಜೆ. ಉಜ್ವಲಾ ನಗುತ್ತಾ ಚಹಾ ಹಿಡಿದು ನಿಂತಿದ್ದಳು. ಆಮೇಲೆ ದಿನಾ ಅಲ್ಲೇ ಅವನ ಜಮಖಾನೆ.

ಒಂದು ಮಧ್ಯಾಹ್ನ ಕನಸಿನೊಳಗೆ ಮಗ್ಗ ನಿಂತಿತು. ಗಾಬರಿಯಾಗಿ ಕಣ್ಣು ಬಿಟ್ಟರೆ ಹುಳದ ಮನೆಯೂ ಗಪ್‌ಚಿಪ್. ಒಂದೂ ಮೇಯುತ್ತಿಲ್ಲ, ಎಲ್ಲವೂ ತಲೆ ಎತ್ತಿ, ಯಾರೋ ಕರೆದದ್ದನ್ನು ಕೇಳುತ್ತಿರುವಂತೆ ಸ್ತಬ್ಧ. ಉಜ್ವಲಾ ತೇರದಾಳದ ಸಂತೆಗೆ ಹೋಗಿದ್ದಳು. ಹಸಿದು ಸಾಯುತ್ತಿವೆ ಅಂದುಕೊಂಡ ಮುದುಕ ಕೈಗೆ ಸಿಕ್ಕ ಸೊಪ್ಪನ್ನೆಲ್ಲ ಒಂದು ಅಟ್ಟಣಿಗೆಯ ಮೇಲೆ ಸುರಿದ, ಹುಳಗಳನ್ನು ಕೈಯಿಂದ ಕದಲಿಸಿದ, "ತಿನ್ರೆಪಾ, ತಿನ್ರಿ" ಎಂದು ಅಂಗಲಾಚಿದ.

ಮಗಳು ಬಂದವಳೇ ಹೌಹಾರಿದಳು.

"ಯಪ್ಪಾ, ಏನ ಮಾಡ್ದಿ! ಅವಕ್ಕ ಜ್ವರ ಬಂದೈತಿ!"

"ಜ್ವರಾ? ಹಂಗಾರ ಡಾಕ್ಟರನ್ನ..."

"ಆ ಜ್ವರ ಅಲ್ಲೋ. ಹಳೀ ತೊಗಲ ಬಿಡೂದಕ್ಕ ಜ್ವರ ಅಂತೀವಿ. ಆಗ ಎಲಿ ಹಾಕಬಾರ್ದು, ಮುಟ್ಟಬಾರ್ದು."

ಅಂದಿನಿಂದ ಶಿದ್ರಾಮಪ್ಪ ಹುಳದ ಮನೆಯ ಹೊಸ್ತಿಲು ತುಳಿಯಲಿಲ್ಲ, ನಿದ್ದೆಯೂ ಅವನ ಹತ್ತಿರ ಸುಳಿಯಲಿಲ್ಲ. ಉಳಿದ ಹುಳಗಳು ಜ್ವರ ಬಿಟ್ಟು ಮತ್ತೆ ಮೇದು, ಬಲಿತು ಹಣ್ಣಾಗಿ, ಗೂಡಿಗೆಂದೇ ಹೆಣೆದ ಬಿದಿರಿನ ತಟ್ಟಿ, ಚಂದ್ರಿಕೆ ಏರಿ, ಗೂಡು ಕಟ್ಟತೊಡಗಿದವು. ಅವನು ಕದಲಿಸಿದವು ಮಾತ್ರ ಬಡಕಲಾಗಿ ಸುಮ್ಮನೆ ತಿರುಗಾಡುತ್ತಿದ್ದವು. ಮಗಳ ಬೆಳೆ ಕೆಡಿಸಿದೆ, ಇನ್ನು ಯಾವ ಮುಖ ಇಟ್ಟುಕೊಂಡು ಇಲ್ಲಿರಲಿ ಎಂದುಕೊಂಡ. ಕೈಚೀಲ ತುಂಬಿಕೊಂಡ.

ಉಜ್ವಲಾ ಆ ಬಡಕಲು ಹುಳಗಳ ಬುಟ್ಟಿ ತಂದು ಅವನ ಕೈಗಿಟ್ಟಳು. "ಇವು ಗೂಡ ಕಟ್ಟೂದಿಲ್ಲ. ಹೋಗೂದಾದ್ರ ಹೋಗು, ಇವನ್ನ ಹೊಂಡಕ್ಕ ಹಾಕಿ ಹೋಗು."

ಹೊಂಡದ ದಂಡೆಯಲ್ಲಿ ನಿಂತು, "ಸಿಟ್ಟಾಗಬ್ಯಾಡ್ರೆಪಾ ನನ್ನ ಮ್ಯಾಲ" ಎಂದು ಒಂದು ಹಿಡಿ ಎಸೆದ. ಕಣ್ಣು ತುಂಬಿ ಬಂತು. ನೀರಿನ ತುಂಬ ದುಂಡು ಬಾಯಿಗಳು ತೆರೆದುಕೊಂಡವು. ಪಚ್, ಪಚ್, ಪಚಪಚ. ಇನ್ನೊಂದು ಹಿಡಿ. ಅವನ ಕಿವಿಗೆ ಆಚೆ ಓಣಿಯವರೆಲ್ಲ ಮತ್ತೆ ಮಗ್ಗಕ್ಕೆ ಕೂತಂತಾಯಿತು. ಶಿದ್ರಾಮಪ್ಪ ಬುಟ್ಟಿ ಬರಿದು ಮಾಡಿ, ಬೇವಿನ ನೆರಳಲ್ಲಿ ಮೆಲ್ಲಗೆ ಕುಳಿತ.

ಸ್ವಲ್ಪ ಹೊತ್ತಿಗೆ ಉಜ್ವಲಾ ಹಿಕ್ಕೆಯ ಚೀಲ ಹೊತ್ತು ಬಂದಳು, ನೀರಿಗೆ ಸುರಿಯುತ್ತಲೇ ಅಂದಳು:

"ಇವಕ್ಕ ದಿನಾ ಹಾಕಾಕ ಒಬ್ರು ಬೇಕಾಗ್ಯಾರ ನನಗ. ಹೊತ್ತಿಲ್ದ ಹೊತ್ತಿಗೆ ಹಾಕಿದ್ರೂ ನಡೀತೈತಿ ಯಪ್ಪಾ. ಮೀನಕ್ಕ ಜ್ವರ ಬರೂದಿಲ್ಲ."

ಚೀಲ ಕೊಡವಿ ತಿರುಗಿ ನೋಡಿದಳು. ಊರಿಗೆಂದು ತುಂಬಿದ್ದ ಕೈಚೀಲವನ್ನೇ ತಲೆಗಿಟ್ಟುಕೊಂಡು ಶಿದ್ರಾಮಪ್ಪ ಗೊರಕೆ ಹೊಡೆಯುತ್ತಿದ್ದ.