ಎರಡನೆಯ ಹಾಳೆಯ ಒಪ್ಪು

“ನಾನು ಯಾವಾಗ ಬ್ಯಾಡ ಅಂದೆ?”

ಜೋಗಿ ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದದ್ದು ಹೆಂಡತಿ ಕಾರ್ತುವನ್ನು ಹೂಳಿದ ಮಣ್ಣು, ಹಂದಿ ಕೆದಕದಿರಲೆಂದು ಅದರ ಮೇಲೆ ಹೇರಿದ ಮುಳ್ಳು. ಒಂಬತ್ತು ದಿನವಾಗಿತ್ತು. ಬೆಳಗ್ಗೆ ನೀರಿಗೆಂದು ತೋಡಿಗೆ, ಕಾಡಿನ ಸಣ್ಣ ಹಳ್ಳಕ್ಕೆ, ಹೋದವಳನ್ನು ಬಿದಿರುಮೆಳೆಯ ಹಿಂದಿದ್ದ ಒಂಟಿ ಸಲಗ ತುಳಿದುಹಾಕಿತ್ತು.

ಮಲಯಾಳ ನಾಡಿಗೆ ಸೇರಿದ ಬೇಗೂರು ಕಾಡೊಳಗಿನ ಆ ಹಾಡಿಯಲ್ಲಿ ಹನ್ನೆರಡು ಮನೆ. ಕಾಡು ಬಿಟ್ಟು ರಸ್ತೆಬದಿಯ ಹೊಸ ಜಾಗಕ್ಕೆ ಹೋಗಬೇಕಾದರೆ ಹನ್ನೆರಡೂ ಮನೆ ಒಪ್ಪಬೇಕು, ಒಂದು ಒಪ್ಪದಿದ್ದರೂ ಫೈಲು ಏಳದು ಎಂದು ಆಫೀಸಿನವರು ಹೇಳಿದ್ದರು. ದೀಪಾವಳಿ ಮುಗಿದ ಮರುವಾರ ಮೀಟಿಂಗು. ಬೆಂಚಿನ ಮೇಲೆ ಎರಡು ಹಾಳೆ. ಗೆಣಸು ಅಗೆಯಲು ಹೋಗಿದ್ದ ಜೋಗಿ ಬರುವಷ್ಟರಲ್ಲಿ ಉಳಿದವರು ಮುಗಿಸಿ ಚಹಾ ಕುಡಿಯುತ್ತಿದ್ದರು. ಜೀಪು ಹೊರಡಿಸುವ ಅವಸರದಲ್ಲಿದ್ದ ಗುಮಾಸ್ತ ವಿಜಯನ್ ಬೆರಳು ಆಡಿಸಿ ತೋರಿಸಿದ. “ಕನ್ಸೆಂಟ್ ಆಣೆಂಗಿಲ್ ಅವಿಡೆ. ಡಿಸೆಂಟ್ ಆಣೆಂಗಿಲ್ ಇವಿಡೆ ಒಪ್ಪು.”

ಕನ್ಸೆಂಟ್ ಆದರೆ ಅಲ್ಲಿ, ಡಿಸೆಂಟ್ ಆದರೆ ಇಲ್ಲಿ ಸಹಿ ಎಂದು ಅವನು ಹೇಳಿದ್ದು. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಜೋಗಿಯ ಕಿವಿ ಕನ್ನಡದ್ದು. ಅದಕ್ಕೆ ಒಪ್ಪು ಎಂದರೆ ಒಪ್ಪುವುದೇ. ಡಿಸೆಂಟ್ ಎಂಬ ಇನ್ನೊಂದು ಮಾತೂ ತನಗೆ ಗೊತ್ತು ಎಂದೇ ಅವನು ತಿಳಿದ. ಅವನು ಕುಡಿತ ಬಿಟ್ಟ ವರ್ಷ ಕುಟ್ಟದ ಬಸ್ಸಿನ ಕಂಡಕ್ಟರ್ “ಈಗ ನೀನು ಡೀಸೆಂಟ್” ಎಂದು ಕರೆದು ಸೀಟು ಕೊಟ್ಟಿದ್ದ. ಕಾರ್ತು ಅದನ್ನೇ ಹಿಡಿದು, ಗಂಜಿ ಬಡಿಸುವಾಗಲೆಲ್ಲ “ಡೀಸೆಂಟ್ ಗೌಡ್ರಿಗೆ ಉಪ್ಪು ಸಾಕಾ?” ಎಂದು ಕುಟುಕುತ್ತಿದ್ದಳು. ಒಳ್ಳೆಯವನಾದರೆ ಇಲ್ಲಿ ಒಪ್ಪು ಎಂದು ಕೇಳಿಸಿಕೊಂಡ ಜೋಗಿ ಎರಡನೆಯ ಹಾಳೆಗೆ ಹೆಬ್ಬೆಟ್ಟು ಒತ್ತಿದ. ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮನೆಗೆ ಹೋಗಿ “ಹೋಗೋದೇ” ಎಂದ. ಕಾರ್ತು ಆವತ್ತೇ ಮಡಕೆಗಳಿಗೆ ಹುಲ್ಲು ಸುತ್ತಿ ಕಟ್ಟಿಟ್ಟಳು.

ನಾಲ್ಕು ತಿಂಗಳಾದರೂ ಫೈಲು ಕದಲಲಿಲ್ಲ. ಯಾಕೆಂದು ತಿಳಿದದ್ದು ಅವಳು ಸತ್ತ ಮೇಲೆ. ಆಫೀಸಿಗೂ ಹಾಡಿಗೂ ನಡುವೆ ಓಡಾಡುವ ಕೆಲಸದ ಸುನಿತ, ಹಾಡಿಯವಳೇ, ಹಾಳೆ ನೋಡಿಬಂದು, ಜೋಗಿಯ ಹೆಬ್ಬೆಟ್ಟು ಬೇಡ ಎನ್ನುವವರ ಹಾಳೆಯಲ್ಲಿದೆ ಎಂದು ಹೇಳಿದಳು. ಕಾರ್ತುವಿನ ತಮ್ಮ ಚೆನ್ನ ಆವತ್ತಿನಿಂದ ಭಾವನ ಜೊತೆ ಮಾತು ಬಿಟ್ಟ. ಉಳಿದವರು ಬಿಡಲಿಲ್ಲ. “ಡೀಸೆಂಟ್ ಬಂದ, ದಾರಿ ಬಿಡ್ರೋ” ಎಂದರು.

ಈಗ ಸುನಿತ ಅವನನ್ನು ಹುಡುಕಿಕೊಂಡು ಮುಳ್ಳಿನ ಹತ್ತಿರಕ್ಕೇ ಬಂದಳು.

“ಏಳು ತಾತ. ವಿಜಯನ್ ಸಾರು ತಿದ್ದೋ ಕಾಗ್ದ ತಂದವ್ರೆ.”

“ಆ ಮಾತ್ಗೆ ಏನವ್ವಾ ಅರ್ಥ? ಬುಡದಿಂದ ಹೇಳು.”

“ಡಿಕ್ಷನರಿ ನೋಡ್ದೆ. ಲ್ಯಾಟಿನ್ ಅಂತ ಹಳೇ ಭಾಷೆ. ಸೆಂಟ್ ಅಂದ್ರೆ ಅನ್ಸೋದು. ಕೂಡಿ ಅನ್ಸಿದ್ರೆ ಕನ್ಸೆಂಟು. ಬೇರೆ ಅನ್ಸಿದ್ರೆ ಡಿಸೆಂಟು. ಇಂಗ್ಲೆಂಡಲ್ಲಿ ರಾಜನ ಚರ್ಚು ನಮಗೆ ಬ್ಯಾಡ ಅಂದೋರ್ಗೆ ಇದೇ ಹೆಸ್ರಂತೆ. ಕೋರ್ಟಲ್ಲೂ ಅಷ್ಟೆ, ಐದು ಜಡ್ಜಲ್ಲಿ ಒಬ್ಬ ಬೇರೆ ಬರೆದ್ರೆ ಅದು ಡಿಸೆಂಟು.”

“ಆ ಒಬ್ಬನ್ನ ಏನ್ ಮಾಡ್ತಾರೆ?”

“ಏನೂ ಮಾಡಲ್ಲ. ಬರೆದಿದ್ದನ್ನ ಜೊತೆಗೇ ಇಡ್ತಾರೆ.”

“ನಮ್ಮ ಡೀಸೆಂಟು?”

“ಅದ್ರ ಬೇರು ಬೇರೆ, ತಾತ. ತಕ್ಕದ್ದು, ಒಪ್ಪೋವಂಥದ್ದು ಅಂತ.”

ಜೋಗಿ ಮಣ್ಣಿನ ಮೇಲೆ ಜಾರಿದ್ದ ಮುಳ್ಳನ್ನು ಸರಿಮಾಡಿದ. “ನಂಗೆ ಬೇರೆ ಅನ್ಸಿರ್ಲಿಲ್ಲ. ಅವಳಿಗೂ ಅನ್ಸಿರ್ಲಿಲ್ಲ.”

ಹಾಡಿಯ ನಡುವಿನ ಬೆಂಚಿನಲ್ಲಿ ವಿಜಯನ್ ಕೂತಿದ್ದ. ಸುತ್ತ ಹನ್ನೊಂದು ಮನೆಯವರೂ ನಿಂತಿದ್ದರು. ಸುನಿತ ಮಲಯಾಳದ ಕಾಗದವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದಳು. “‘ಎರಡೂ ಮಾತಿನ ಅರ್ಥಾನ ಆವತ್ತೇ ನನ್ನ ಭಾಷೇಲಿ ನಂಗೆ ಬಿಡಿಸಿ ಹೇಳಿದ್ರು. ತಿಳ್ದೂ ತಿಳ್ದೂ ಬ್ಯಾಡ ಅಂದಿದ್ದೆ. ಈಗ...’”

“ಈಗ ಏನು?” ಜೋಗಿ ಕೇಳಿದ.

“ಈಗ ಒಪ್ತೀನಿ ಅಂತ.”

“ಒಪ್ತೀನಿ ಅನ್ನೋದು ಇರ್ಲಿ. ಮೇಲಿಂದು ಹೊಡೆದಾಕಿ. ಈಗ್ಲೇ ಒತ್ತೀನಿ.”

ವಿಜಯನ್ ಕೆಟ್ಟವನಲ್ಲ. ಟವೆಲಿನಿಂದ ಕತ್ತು ಒರೆಸಿಕೊಂಡು, ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದ. “ಜೋಗಿ ಚೇಟ್ಟಾ, ಅದು ಅಚ್ಚಾದ ಫಾರಂ. ಗೆರೆ ಎಳೆದ್ರೆ ಮೇಲಿನವರು ವಾಪಸ್ ಹಾಕ್ತಾರೆ. ಪಿನ್ನೆ, ಆಮೇಲೆ, ಎಷ್ಟು ತಿಂಗಳೋ. ಒಂದು ಸಾಲು ಅಲ್ವೇ? ಅದನ್ನ ಯಾರು ಓದ್ತಾರೆ?”

“ನೀವು ಬಿಡಿಸಿ ಹೇಳಿದ್ರಾ ಸಾರೇ?”

ವಿಜಯನ್ ಶಾಯಿಯ ಡಬ್ಬಿಯನ್ನು ಬೆಂಚಿನ ಮೇಲೆ ಮುಂದೆ ತಳ್ಳಿದ.

“ತಿಳ್ದೂ ತಿಳ್ದೂ ಅಂದ್ರೆ ಏನು? ಆನೆ ಕಾಲಿಗೆ ಸಿಗ್ತಾಳೆ ಅಂತ ತಿಳ್ದೇ ಅವಳನ್ನ ಇಲ್ಲಿ ಇಟ್ಕೊಂಡೆ ಅಂತಲಾ?”

ಗುಂಪಿನಿಂದ ಯಾರೋ ಗೊಣಗಿದರು. “ಸತ್ತೋಳಿಗೆ ಕಾಗ್ದ ಓದೋಕೆ ಬರ್ತದಾ?”

ಚೆನ್ನ ಕಂಕುಳಲ್ಲಿದ್ದ ಮಗಳನ್ನು ಕೆಳಗಿಳಿಸಿ ಮುಂದೆ ಬಂದ. ಅವನ ಬಾಯಿಂದ ಇಷ್ಟು ದಿನದ ಮೇಲೆ ಆ ಪದ ಬಂತು.

“ಭಾವ. ನಿನ್ನ ಸಿಟ್ಟು ನಂಗೆ ಅರ್ಥ ಆಗ್ತದೆ. ಅಕ್ಕ ಹೋದ್ಲು. ನಾಳೆ ಬೆಳಗ್ಗೆ ನನ್ನ ಹೆಂಡ್ತಿ ಅದೇ ತೋಡಿಗೆ ಹೋಗ್ಬೇಕು. ಸುಳ್ಳಾದ್ರೆ ಆ ಸುಳ್ಳು ನನ್ನ ತಲೆ ಮೇಲಿರ್ಲಿ. ಒತ್ತು.” ಅವನು ಬಗ್ಗಿ ಭಾವನ ಎರಡೂ ಪಾದ ಹಿಡಿದುಕೊಂಡ.

ಜೋಗಿ ಚೆನ್ನನ ನೆತ್ತಿಯ ಮೇಲೆ ಎಡಗೈ ಇಟ್ಟ. ಇದೇ ಒಪ್ಪಿಗೆ ಎಂದುಕೊಂಡ ವಿಜಯನ್ ಶಾಯಿಯ ಡಬ್ಬಿ ತೆರೆದು, ಜೋಗಿಯ ಬಲಗೈ ಹೆಬ್ಬೆರಳನ್ನು ತಾನೇ ಹಿಡಿದು ಮೆಲ್ಲಗೆ ಎಳೆದ.

ಜೋಗಿ ಕೈ ಕಿತ್ತುಕೊಂಡ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದ.

“ಒತ್ತಲ್ಲ.”